ಗೃಹಶೋಭೆ: ಇದ್ದಿಲ ಬಣ್ಣದ ಗೋಡೆ



ಕಾಸರಗೋಡಿನ ಕಡೆಯ ಮುರಕಲ್ಲಿನ ಮನೆಗಳಿಗೆ ಮಳೆಗಾಲ ಕಳೆದ ಮೇಲೆ ಸುಣ್ಣಬಣ್ಣದ ಸಂಭ್ರಮ. ಈ ಸಲ ನಮ್ಮ ಮನೆಯಲ್ಲಿ ಆ ಸಂಭ್ರಮದೊಡನೆ ಒಂದು ಸಣ್ಣ ವ್ಯಾಜ್ಯವೂ ಬಂದಿತು. ಚಾವಡಿಗೆ ಇದ್ದಿಲಿನಂಥ ಕಡುಬೂದು ಬಣ್ಣವಾಗಲೆಂದು ಸೊಸೆಯ ಆಸೆ. ಎಂಬತ್ತು ದಾಟಿದ, ದೃಷ್ಟಿ ಮಂದವಾದ ನನ್ನ ಅತ್ತೆಯವರು, "ಮನೆಗೆ ಕಪ್ಪು ಯಾಕೆ ಮಾರಾಯ್ತಿ? ನನಗೆ ಹಗಲೂ ಕತ್ತಲೆ ಮಾಡುತ್ತೀಯಾ?" ಎಂದರು. ಸೊಸೆಯ ಮುಖ ಬಾಡಿತು. ಇಬ್ಬರ ನಡುವೆ ನಾನು.

ವಿಚಾರಿಸಿ ನೋಡಿದರೆ ಈ ಬಣ್ಣ ನಮಗೆ ಹೊಸತೇನೂ ಅಲ್ಲ. ಸುಟ್ಟ ಗೆರಟೆಯ ಕರಿಯನ್ನು ಸೆಗಣಿಯೊಡನೆ ಕಲಸಿ ಸಾರಿಸಿದ ಕರಿನೆಲದಲ್ಲಿಯೇ ಅತ್ತೆಯವರು ತಮ್ಮ ಮಕ್ಕಳನ್ನು ಆಡಿಸಿದ್ದು. ಆ ನೆಲದ ಮೇಲೆ ಎಳೆದ ಬಿಳಿಯ ರಂಗವಲ್ಲಿಗೆ ಎಂಥ ಕಳೆಯಿತ್ತು! ತಾನು ಹಿಂದೆ ನಿಂತು ಇತರ ವಸ್ತುಗಳನ್ನು ಮುಂದೆ ತರುವುದು ಈ ಬಣ್ಣದ ಗುಣ. ಹಿತ್ತಾಳೆಯ ದೀಪ, ಹಲಸಿನ ಮರದ ಪೆಟ್ಟಿಗೆ, ಹಿರಿಯರ ಭಾವಚಿತ್ರ ಇವೆಲ್ಲ ಅದರ ಮುಂದೆ ಎದ್ದು ಕಾಣುತ್ತವೆ.

ಆದರೆ ಅತ್ತೆಯವರ ಮಾತು ಬರಿಯ ಹಟವಲ್ಲ. ಒಳ್ಳೆಯ ಬಿಳಿಗೋಡೆ ತನ್ನ ಮೇಲೆ ಬಿದ್ದ ಬೆಳಕಿನ 100ರಲ್ಲಿ ಸುಮಾರು 80 ಪಾಲನ್ನು ಕೋಣೆಗೆ ಮರಳಿಸುತ್ತದೆ. ಇದ್ದಿಲ ಬಣ್ಣ ಮರಳಿಸುವುದು 10 ಪಾಲಿನಷ್ಟು ಮಾತ್ರ. ಆದುದರಿಂದ ಒಂದೇ ಗೋಡೆಗೆ ಕಡುಬೂದು ಬಳಿಸಿ, ಉಳಿದ ಮೂರಕ್ಕೂ ಛಾವಣಿಯ ಒಳಮೈಗೂ ಕೆನೆಬಿಳಿ ಬಳಿಸುವುದು ಲೇಸು. ಕಿರಿದಾದ ಓಣಿಗೂ ಮೆಟ್ಟಿಲ ಬದಿಗೂ ಇದು ಸಲ್ಲದು. ಮುದುಕರು ಎಡವುವ ಸ್ಥಳಗಳವು. ಪಡುವಣ ಬಿಸಿಲಿಗೆ ಒಡ್ಡಿದ ಹೊರಗೋಡೆಗೂ ಬೇಡ. ಕಡುಬಣ್ಣ ಬಿಸಿಲನ್ನು ಹೀರಿ ಗೋಡೆಯನ್ನು ಕಾಯಿಸುತ್ತದೆ.

ಬಣ್ಣವನ್ನು ಅಂಗಡಿಯ ಚೀಟಿ ನೋಡಿ ನಿಶ್ಚಯಿಸಬೇಡಿರಿ. 2 ಅಡಿ ಚೌಕದ ರಟ್ಟಿಗೆ ಎರಡು ಕೈ ಬಳಿದು, ಗೋಡೆಗೆ ಒರಗಿಸಿ, ಬೆಳಗ್ಗೆ, ಸಂಜೆ ಮತ್ತು ದೀಪದ ಬೆಳಕಿನಲ್ಲಿ ನೋಡಿರಿ. ಬೂದು ಬಣ್ಣದೊಳಗೆ ಅಡಗಿದ ನೀಲಿಯೋ ಹಸಿರೋ ಕಂದೋ ಆಗ ಹೊರಬೀಳುತ್ತದೆ. ಕೆಂಪು ನೆಲವಿರುವ ಮನೆಗೆ ಕಂದು ಬೆರೆತ ಬೂದು ಚೆನ್ನಾಗಿ ಒಪ್ಪುತ್ತದೆ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಸುರಿಯುವ ನಾಡು ನಮ್ಮದು. ತೇವವಿರುವ ಗೋಡೆಯಲ್ಲಿ ಉಪ್ಪು ಹೊರಹೊಮ್ಮಿದರೆ ಕಡುಬಣ್ಣದ ಮೇಲೆ ಬಿಳಿಯ ಕಲೆ ಎದ್ದು ಕಾಣುತ್ತದೆ. ಮೊದಲು ಸೋರಿಕೆಯನ್ನು ನಿಲ್ಲಿಸಿ, ಗೋಡೆ ಒಣಗಿದ ಮೇಲೆ ಬಣ್ಣಕ್ಕೆ ಕೈಹಾಕಿರಿ. ಹೊಸ ಸಿಮೆಂಟು ಗಾರೆಗಂತೂ 28 ದಿನಗಳಾದರೂ ಕಳೆಯಲಿ. ಮಿರುಗುವ ಬಣ್ಣ ಗೋಡೆಯ ಉಬ್ಬುತಗ್ಗುಗಳನ್ನೆಲ್ಲ ತೋರಿಸಿಬಿಡುತ್ತದೆ. ಹಳೆಯ ಗೋಡೆಗೆ ಹೊಳಪಿಲ್ಲದ್ದೇ ಮೇಲು.

ಕೊನೆಗೆ ನಮ್ಮ ಚಾವಡಿಯಲ್ಲಿ ಬಾಗಿಲ ಪಕ್ಕದ ಒಂದೇ ಗೋಡೆಗೆ ಆ ಬಣ್ಣವಾಯಿತು. ಬಾಗಿಲ ಚೌಕಟ್ಟು, ಸ್ವಿಚ್ಚಿನ ಹಲಗೆ ಬಿಳಿಯಾಗಿಯೇ ಉಳಿದವು. ಮರುದಿನ ಮುಸ್ಸಂಜೆ ಅತ್ತೆಯವರು ಯಾರನ್ನೂ ಕರೆಯದೆ ತಾವೇ ಎದ್ದು ದೀಪ ಹಾಕಿದರು. ಬಿಳಿ ಗೋಡೆಯಲ್ಲಿ ಬಿಳಿಯ ಸ್ವಿಚ್ಚು ಅವರಿಗೆ ಕಾಣುತ್ತಿರಲಿಲ್ಲವಂತೆ. ಇಷ್ಟು ಕಾಲ ಹೇಳಿಕೊಳ್ಳದೆ ಗೋಡೆ ತಡವುತ್ತಿದ್ದರಂತೆ. ಒಂದೇ ಮನೆಯಲ್ಲಿದ್ದೂ ನಾವಾರೂ ಅದನ್ನು ಗಮನಿಸಿರಲಿಲ್ಲ.

ಸೋದರಿಯರೇ, ಬಣ್ಣ ಆರಿಸುವಾಗ ಮನೆಯ ಹಿರಿಯರ ಕಣ್ಣಿನಿಂದಲೂ ಒಮ್ಮೆ ಗೋಡೆಯನ್ನು ನೋಡಿರಿ. ಅವರು ಬೇಡವೆಂದಾಗ, ಯಾಕೆಂದು ಕೇಳಲು ಮರೆಯದಿರಿ.