ಏಳು ಗುಂಪು, ಒಂದೇ ಬಾಗಿಲು

ಸ್ವತಂತ್ರ ಭಾರತದ ಹೈಸ್ಕೂಲುಗಳಲ್ಲಿ ಐಚ್ಛಿಕ ವಿಷಯಗಳಿಗೂ ಕೈಕಸುಬಿಗೂ ಖಚಿತವಾದ ಜಾಗ ಕೊಡಲು ಹೊರಟದ್ದು 1952ರ ಸೆಪ್ಟೆಂಬರಿನಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗ. ಮದರಾಸು ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅದರ ಅಧ್ಯಕ್ಷರು. ಮರುವರ್ಷವೇ ವರದಿ ಬಂತು. ಹೈಸ್ಕೂಲು ಬದುಕಿನಿಂದ ದೂರ ಸರಿದಿದೆ, ಪುಸ್ತಕಕ್ಕೂ ಪರೀಕ್ಷೆಗೂ ಗಂಟುಬಿದ್ದಿದೆ, ಎಲ್ಲ ಮಕ್ಕಳನ್ನೂ ಕಾಲೇಜಿನ ಕಡೆಗೇ ಅಟ್ಟುತ್ತಿದೆ ಎಂಬುದು ಅದರ ದೂರಿನ ತಿರುಳು. ಈ ದೂರನ್ನು ಇಂದೂ ಹಾಗೆಯೇ ಹೇಳಬಹುದು. ಆದರೆ ಕೌಶಲ ಶಿಕ್ಷಣ ನಿನ್ನೆ ಮೊನ್ನೆ ಹೊಳೆದ ವಿಚಾರ ಎಂಬಂತೆ ವಾರಕ್ಕೊಂದು ವೇದಿಕೆಯಲ್ಲಿ ಭಾಷಣ ನಡೆಯುತ್ತಿದೆ. ಎಪ್ಪತ್ತು ವರ್ಷ ಹಿಂದಿನ ಪ್ರಯತ್ನವನ್ನು ಮರೆತವರಿಗೆ ಅದು ಸೋತ ಕಾರಣವೂ ಗೊತ್ತಿರುವುದಿಲ್ಲ. ಸಿಟ್ಟು ಬರಬೇಕಾದದ್ದು ಆ ಮರೆವಿನ ಮೇಲೆ.

ಆಲೋಚನೆ ಮುದಲಿಯಾರ್ ಅವರಿಗಿಂತಲೂ ಹಳೆಯದು. 1882ರ ಹಂಟರ್ ಆಯೋಗ ಹೈಸ್ಕೂಲಿಗೆ ಎರಡು ಹಾದಿ ಸೂಚಿಸಿತ್ತು: ಒಂದು ವಿಶ್ವವಿದ್ಯಾಲಯದ ಕಡೆಗೆ, ಇನ್ನೊಂದು ವ್ಯಾಪಾರ, ಉದ್ಯೋಗಗಳ ಕಡೆಗೆ. ಎರಡನೆಯದನ್ನು ಹಿಡಿದವರು ತೀರ ಕಡಿಮೆ. 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಗಾಂಧೀಜಿ ಮೂಲಶಿಕ್ಷಣದ ನಡುಮಧ್ಯಕ್ಕೇ ಕಸುಬನ್ನು ತಂದರು. ಕಿರಿಯ ಮಕ್ಕಳಿಗೆಂದು ಹುಟ್ಟಿದ ಆ ವಿಚಾರವನ್ನು ಮುದಲಿಯಾರ್ ಆಯೋಗ ಹೈಸ್ಕೂಲಿಗೂ ವಿಸ್ತರಿಸಿತು.

ಆಯೋಗದ ಯೋಜನೆಯಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ಎಲ್ಲರೂ ಕಲಿಯಬೇಕಾದದ್ದು: ಭಾಷೆಗಳು, ಸಮಾಜ ಅಧ್ಯಯನ, ಗಣಿತವನ್ನೂ ಒಳಗೊಂಡ ಸಾಮಾನ್ಯ ವಿಜ್ಞಾನ, ಇವುಗಳ ಜೊತೆಗೆ ಒಂದು ಕೈಕಸುಬು. ನೂಲುವುದು ಮತ್ತು ನೇಯುವುದು, ಮರಗೆಲಸ, ಲೋಹದ ಕೆಲಸ, ತೋಟಗಾರಿಕೆ, ಟೈಲರಿಂಗ್, ಅಚ್ಚುಕೂಟದ ಕೆಲಸ, ವರ್ಕ್‌ಶಾಪ್ ಕೆಲಸ, ಹೊಲಿಗೆ ಮತ್ತು ಕಸೂತಿ, ಮಾದರಿ ತಯಾರಿಕೆ ಇವುಗಳಲ್ಲಿ ಯಾವುದಾದರೂ ಒಂದು. ವಿಜ್ಞಾನ ಓದುವ ಹುಡುಗನಿಗೂ ಸಂಸ್ಕೃತ ಓದುವ ಹುಡುಗಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಇಡೀ ವರದಿಯಲ್ಲಿ ಅತ್ಯಂತ ಧೈರ್ಯದ ಮಾತು ಇದೇ. ಕಸುಬು ಹಿಂದುಳಿದ ಮಕ್ಕಳ ಪಾಲಿಗಲ್ಲ, ಎಲ್ಲರ ಪಾಲಿಗೆ ಎಂದು ಅದು ಸಾರಿತು.

ಎರಡನೆಯ ಭಾಗ ಐಚ್ಛಿಕ ವಿಷಯಗಳದು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳಲ್ಲಿ ಒಂದನ್ನು ಹಿಡಿದು, ಅದರೊಳಗಿನ ಮೂರು ವಿಷಯ ಕಲಿಯಬೇಕು. ತಾಂತ್ರಿಕ ಗುಂಪಿನಲ್ಲಿ ಅನ್ವಯಿಕ ಗಣಿತ, ಜ್ಯಾಮಿತೀಯ ಚಿತ್ರಣ, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ಮೊದಲ ಪಾಠಗಳು. ವಾಣಿಜ್ಯದಲ್ಲಿ ಲೆಕ್ಕಪತ್ರ, ಶೀಘ್ರಲಿಪಿ, ಟೈಪಿಂಗ್. ಕೃಷಿಯಲ್ಲಿ ಬೇಸಾಯ, ಪಶುಪಾಲನೆ, ತೋಟಗಾರಿಕೆ, ಕೃಷಿಗೆ ಬೇಕಾದ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ಲಲಿತಕಲೆಯಲ್ಲಿ ಚಿತ್ರ, ಸಂಗೀತ, ನೃತ್ಯ. ಗೃಹವಿಜ್ಞಾನದಲ್ಲಿ ಪೌಷ್ಟಿಕ ಆಹಾರ ಮತ್ತು ಅಡುಗೆ, ಶಿಶುಪಾಲನೆ, ಮನೆಯ ನಿರ್ವಹಣೆ, ಮನೆಯಲ್ಲೇ ರೋಗಿಯ ಆರೈಕೆ. ಇಂಥ ಹಲವು ಗುಂಪುಗಳನ್ನು ಒಂದೇ ಸೂರಿನಡಿ ಕಲಿಸುವ ಶಾಲೆಗೆ ಮಲ್ಟಿಪರ್ಪಸ್ ಹೈಸ್ಕೂಲು ಎಂಬ ಹೆಸರು ಬಂತು.

ಈ ಯೋಜನೆಯಲ್ಲಿ ಕೊರತೆಯೂ ಇತ್ತು. ಗೃಹವಿಜ್ಞಾನಕ್ಕೆ ಹೆಣ್ಣುಮಕ್ಕಳ ಶಾಲೆಗಳಲ್ಲೂ ಸಹಶಿಕ್ಷಣದ ಶಾಲೆಗಳಲ್ಲೂ ವಿಶೇಷ ಸೌಕರ್ಯ ಬೇಕೆಂದು ಆಯೋಗ ಹೇಳಿತು. ಆದರೆ ಅಡುಗೆ, ಆರೈಕೆ, ಮಗುವಿನ ಪಾಲನೆ ಗಂಡುಮಕ್ಕಳಿಗೂ ಅಷ್ಟೇ ಅಗತ್ಯ ಎನ್ನುವ ಕಾಲ ಅದಾಗಿರಲಿಲ್ಲ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲೇ ಗುಂಪು ಆರಿಸಿಕೊಳ್ಳಬೇಕೆಂಬುದು ಇನ್ನೊಂದು ತೊಡಕು. ಬಡವರ ಮನೆಯ ಮಗು ಯಾವ ಗುಂಪಿಗೆ ಹೋಗುತ್ತದೆ ಎಂಬುದನ್ನು ಮಗುವಿನ ಒಲವಿಗಿಂತ ಮನೆಯ ಸ್ಥಿತಿಯೇ ತೀರ್ಮಾನಿಸುವ ಅಪಾಯ ಅದರಲ್ಲಿತ್ತು.

ಯೋಜನೆ ಸೋತದ್ದು ಮಾತ್ರ ಮುಖ್ಯವಾಗಿ ಬೇರೆ ಕಾರಣಗಳಿಂದ. ಕೃಷಿ ಕಲಿಸಲು ಹೊಲ ಬೇಕು, ದನಕರು ಬೇಕು. ಮರಗೆಲಸಕ್ಕೆ ಗರಗಸ, ಉಳಿ, ಬಾಚಿ ಬೇಕು, ವರ್ಷವರ್ಷವೂ ಮರ ಬೇಕು. ಎಲ್ಲಕ್ಕಿಂತ ಮೊದಲು ಕಲಿಸುವ ಮೇಷ್ಟ್ರು ಬೇಕು. ಅಂಥ ಶಿಕ್ಷಕರ ತರಬೇತಿಗಾಗಿಯೇ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ತೆರೆದದ್ದು 1963ರಲ್ಲಿ, ವರದಿ ಬಂದು ಹತ್ತು ವರ್ಷಗಳಾದ ಮೇಲೆ. ಮರುವರ್ಷವೇ ಕೊಠಾರಿ ಆಯೋಗ ನೇಮಕವಾಯಿತು. 1966ರಲ್ಲಿ ಬಂದ ಅದರ ವರದಿ ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಒಂದೇ ಸಾಮಾನ್ಯ ಶಿಕ್ಷಣ ಸಾಕೆಂದು ಹೇಳಿ, ಗುಂಪುಗಳ ವ್ಯವಸ್ಥೆಗೆ ತೆರೆ ಎಳೆಯಿತು. ಮೈಸೂರಿನ ಮಾನಸಗಂಗೋತ್ರಿಯ ಕಾಲೇಜಿನಿಂದ ಹೊರಬಂದ ಶಿಕ್ಷಕರು ಶಾಲೆಯಲ್ಲಿ ನೆಲೆಯೂರುವ ಮೊದಲೇ ಅವರು ಕಲಿಸಬೇಕಿದ್ದ ವಿಷಯಗಳ ಕಾಲ ಮುಗಿದಿತ್ತು.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಗುಂಪು ಏಳಿದ್ದರೂ ಹೊರಹೋಗುವ ಬಾಗಿಲು ಒಂದೇ ಇತ್ತು, ಅದು ಕಾಲೇಜು. ಅಲ್ಲಿ ಬೆಲೆ ಇದ್ದದ್ದು ವಿಜ್ಞಾನಕ್ಕೆ. ಇದಕ್ಕೆ ಎದುರಾದ ಪುರಾವೆಯೂ ಕರ್ನಾಟಕದಲ್ಲೇ ಇದೆ. ಟೈಪಿಂಗ್ ಮತ್ತು ಶೀಘ್ರಲಿಪಿ ಶಾಲೆಯಲ್ಲಿ ಬೇರುಬಿಡದಿದ್ದರೂ ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ದಶಕಗಟ್ಟಲೆ ಬಾಳಿದವು. ಪರೀಕ್ಷಾ ಮಂಡಳಿ ಜೂನಿಯರ್, ಸೀನಿಯರ್ ಪರೀಕ್ಷೆ ನಡೆಸುತ್ತಿತ್ತು. ಆ ಸರ್ಟಿಫಿಕೇಟು ಇದ್ದವರಿಗೆ ಬೆರಳಚ್ಚುಗಾರರ, ಶೀಘ್ರಲಿಪಿಗಾರರ ಹುದ್ದೆ ಸಿಗುತ್ತಿತ್ತು. ಹಾಗಾಗಿ ರೈತರ ಮಕ್ಕಳು, ಗುಮಾಸ್ತರ ಮಕ್ಕಳು ಬೆಳಗ್ಗೆ ಸಂಜೆ ಸರತಿಯಲ್ಲಿ ಬಂದು ಕಲಿತರು. ಕೈಕೆಲಸದ ಮೇಲೆ ಜನರಿಗೆ ಒಲವಿಲ್ಲ ಎಂಬ ಮಾತು ಸುಳ್ಳು. ಕಲಿಕೆಗೆ ಗಂಭೀರವಾದ ಪರೀಕ್ಷೆ, ಪರೀಕ್ಷೆಗೆ ಕೆಲಸದ ಬೆಲೆ ಇದ್ದಲ್ಲಿ ಜನ ಕಲಿತೇ ಕಲಿಯುತ್ತಾರೆ.

ಕೊಠಾರಿ ಆಯೋಗದ ಕಾರ್ಯಾನುಭವ, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸೂಚಿಸಿದ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎರಡಕ್ಕೂ ಈ ಬೆಲೆ ದಕ್ಕಲಿಲ್ಲ. ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ಡು ಇತ್ತು, ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಜಾಗ ಇರಲಿಲ್ಲ.

ಗುರಿಗಳಿಗೆ ಮಾತ್ರ ಯಾವ ಕಾಲದಲ್ಲೂ ಬರವಿರಲಿಲ್ಲ. 1986ರ ಹೊತ್ತಿಗೆ ಹತ್ತನೆಯ ತರಗತಿಯ ನಂತರ ಓದುವವರಲ್ಲಿ ಶೇ 50ರಷ್ಟು ಮಂದಿ ವೃತ್ತಿ ಶಿಕ್ಷಣದಲ್ಲಿರಬೇಕೆಂದು ಕೊಠಾರಿ ಆಯೋಗ ಹೇಳಿತ್ತು. ಆ ವರ್ಷ ಬಂದಾಗ ಹೊಸ ರಾಷ್ಟ್ರೀಯ ನೀತಿ ಅದನ್ನು 1990ಕ್ಕೆ ಶೇ 10, 1995ಕ್ಕೆ ಶೇ 25 ಎಂದು ಇಳಿಸಿತು. 1992ರ ಪರಿಷ್ಕರಣೆ ಅದೇ ಅಂಕಿಗಳನ್ನು 1995ಕ್ಕೂ 2000ಕ್ಕೂ ಮುಂದೂಡಿತು. 2020ರ ನೀತಿ 2025ರೊಳಗೆ ಕನಿಷ್ಠ ಶೇ 50ರಷ್ಟು ಕಲಿಯುವವರಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದಿತು. 19ರಿಂದ 24ರ ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75 ಎಂಬ ಅಂದಾಜನ್ನೂ ಅದೇ ನೀತಿ ಉಲ್ಲೇಖಿಸಿದೆ.

ಆ ನೀತಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಕಸುಬಿನ ಪರಿಚಯಕ್ಕೆಂದು ಕೊಟ್ಟದ್ದು ಆಡುತ್ತ ಕಲಿಯುವ ಒಂದು ಕೋರ್ಸು, ಜೊತೆಗೆ ಬ್ಯಾಗಿಲ್ಲದ ಹತ್ತು ದಿನ. ಆ ಹತ್ತು ದಿನಗಳಲ್ಲಿ ಮಕ್ಕಳು ಊರಿನ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಬೇಕು. ಮರಗೆಲಸವನ್ನು ಬಲ್ಲ ಯಾರೂ ಅದು ಹತ್ತು ದಿನದಲ್ಲಿ ಕೈಗೆ ಹತ್ತುತ್ತದೆ ಎನ್ನಲಾರರು. 1953ರಲ್ಲಿ ಕಾಗದದ ಮೇಲಾದರೂ ಪ್ರತಿ ಹೈಸ್ಕೂಲು ವಿದ್ಯಾರ್ಥಿಗೂ ಒಂದು ಕಸುಬು ಕಡ್ಡಾಯವಾಗಿತ್ತು. ಆ ಕಡ್ಡಾಯವನ್ನು ನಿಜ ಮಾಡಲು ಬೇಕಾದದ್ದು ಮೂರೇ: ಕಾಯಂ ವೃತ್ತಿ ಶಿಕ್ಷಕರು, ಸಲಕರಣೆಯಿರುವ ಕೊಠಡಿ, ಅಂಕಪಟ್ಟಿಯ ಮೊತ್ತಕ್ಕೆ ಸೇರುವ ಅಂಕ. ಈ ಮೂರನ್ನೂ ಕೊಡದ ಸರ್ಕಾರಗಳಿಗೆ, ಅವು ಯಾವ ಪಕ್ಷದವೇ ಆಗಲಿ, ಕೌಶಲದ ಬಗ್ಗೆ ಭಾಷಣ ಬಿಗಿಯುವ ಹಕ್ಕಿಲ್ಲ.