ಸೀಟಿ ಹೊಡೆಯುವ ಗಿಟಾರು, ಜುಮ್ ಅನ್ನುವ ಮೈಕು

ಶ್ರಾವಣದ ಎರಡನೇ ಸೋಮವಾರ, ರಾತ್ರಿ ಒಂಬತ್ತೂವರೆ. ಬೆಂಗಳೂರಿನ ರೂಮಿನಲ್ಲಿ ಅನ್ನಕ್ಕಿಟ್ಟು ಕೂತಿದ್ದೆ. ಕವಿತಾಳದಿಂದ ಸಣ್ಣ ಕಾಕಾನ ಮಗ ಒಂದು ವಿಡಿಯೋ ಕಳಿಸಿದ. ನಮ್ಮ ಓಣಿಯ ಗುಡಿ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ನಡುವೆ ನಮ್ಮ ಹುಡುಗ, ಹೆಗಲಿಗೆ ಕೆಂಪು ಎಲೆಕ್ಟ್ರಿಕ್ ಗಿಟಾರು. ತಾತ ತತ್ವಪದದ ಮೊದಲ ಸಾಲು ಎತ್ತಿದರು, ಇವನು ತಂತಿ ಮೀಟಿದ. ಅಷ್ಟೇ. ಕುಂಯ್ ಅಂತ ಶುರುವಾದ ಸೀಟಿ ಏರುತ್ತಾ ಏರುತ್ತಾ ಕಿವಿ ಹರಿಯುವಂತಾಯ್ತು. "ಏ, ಬಂದ್ ಮಾಡೋ ಅದನ್ನ!" ಅಂತ ಯಾರೋ ಕೂಗಿದ್ದು ಕೇಳಿಸಿ ವಿಡಿಯೋ ಮುಗಿಯಿತು.

ಕೆಳಗೆ ಮೆಸೇಜು: "ಅಣ್ಣ, ಮುಂದಿನ ಸೋಮಾರದೊಳಗ ಸರಿ ಆಗ್ಲಿಲ್ಲಂದ್ರ ಪೆಟ್ಟಿಗಿ ತಗೊಂಡು ಗುಡಿ ಹೊರಗ ಕುಂದ್ರು ಅಂದಾರ. ನೀ ಇಂಜಿನಿಯರ್ ಅದಿ, ನೋಡು."

ಊರಲ್ಲಿ ಇಂಜಿನಿಯರ್ ಅಂದರೆ ಎಲ್ಲ ರಿಪೇರಿ ಮಾಡುವವನು. ನಾನು ಬರೆಯೋದು ಸಾಫ್ಟ್‌ವೇರು, ನಮ್ಮನೆ ಫ್ಯಾನಿನ ಕೆಪಾಸಿಟರ್ ಬದಲಿಸಿದ್ದೂ ಇನ್ನೊಬ್ಬರೇ. ಆದರೆ ಕಾಲೇಜಿನಲ್ಲಿ ನಾಲ್ಕು ವರ್ಷ ಬ್ಯಾಂಡಿನಲ್ಲಿ ಗಿಟಾರು ಬಾರಿಸಿದ್ದೇನೆ ಅನ್ನುವುದು ಅವನಿಗೆ ಗೊತ್ತು. ಅವನಿಗೆ ಹುಚ್ಚು ಹತ್ತಿದ್ದು ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿದ್ದು ಕೇಳಿ. ಮಾನ್ವಿಯಲ್ಲಿ ಡಿಗ್ರಿ ಓದುತ್ತಾ, ಎರಡು ಸುಗ್ಗಿಯಲ್ಲಿ ಹತ್ತಿ ಬಿಡಿಸಿದ ಕೂಲಿ ಕೂಡಿಟ್ಟು ಗಿಟಾರು ತಗೊಂಡ, ಆಂಪ್ಲಿಫೈಯರು ಸೆಕೆಂಡ್ ಹ್ಯಾಂಡ್. ತಾತ ಜಂಬಲದಿನ್ನಿ ಸಿದ್ಧರಾಮರ ವಚನ ಗಾಯನ ಕೇಳಿ ಬೆಳೆದವರು. ರಾಯಚೂರಿನ ರಂಗಮಂದಿರಕ್ಕೆ ಹೆಸರಿಟ್ಟಿರುವುದು ಅವರದೇ. ಅಂಥ ತಾತ ಗಿಟಾರಿಗೆ ಒಪ್ಪಿದ್ದೇ ದೊಡ್ಡದು. ಎರಡನೇ ಸಲ ಒಪ್ಪುವುದು ಕಷ್ಟ.

ಈ ಸೀಟಿಗೆ ಫೀಡ್‌ಬ್ಯಾಕ್ ಅನ್ನುತ್ತಾರೆ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಲಾರ್ಸೆನ್ ಎಫೆಕ್ಟ್ ಅಂತಲೂ ಕರೆಯುವುದುಂಟು. ಸ್ಪೀಕರಿನಿಂದ ಹೊರಟ ಸದ್ದು ಗಿಟಾರಿನ ತಂತಿಯನ್ನು ಅಲುಗಾಡಿಸುತ್ತೆ. ತಂತಿ ಅಲುಗಿದ್ದನ್ನು ಪಿಕಪ್ ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತೆ. ಅದು ಇನ್ನಷ್ಟು ದೊಡ್ಡದಾಗಿ ಸ್ಪೀಕರಿನಿಂದ ಹೊರಡುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ನಿಲ್ಲುವ ಷರತ್ತು ಬರೆಯದೇ ಬಿಟ್ಟ ರಿಕರ್ಷನ್. ಒಂದು ಸುತ್ತಿಗೆ ಸದ್ದು ಸ್ವಲ್ಪ ಕಮ್ಮಿಯಾದರೂ ಸಾಕು, ತಾನೇ ಸತ್ತುಹೋಗುತ್ತೆ. ಸ್ವಲ್ಪ ಹೆಚ್ಚಾದರೆ ಸೀಟಿ. ಆ ಸೀಟಿಯ ಶ್ರುತಿ ನಿರ್ಧಾರವಾಗುವುದು ಸುತ್ತಿನ ದೂರದಿಂದಲೂ. ಗಾಳಿಯಲ್ಲಿ ಸದ್ದಿಗೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅದಕ್ಕೇ ಅರ್ಧ ಹೆಜ್ಜೆ ಸರಿದರೆ ಸೀಟಿಯ ಸ್ವರವೇ ಬದಲಾಗುತ್ತೆ.

ಇದನ್ನೇ ಬೇಕೆಂದು ಬಳಸಿದವರೂ ಇದ್ದಾರೆ. ಬೀಟಲ್ಸ್‌ನವರ 1964ರ 'ಐ ಫೀಲ್ ಫೈನ್' ಶುರುವಾಗುವುದೇ ಫೀಡ್‌ಬ್ಯಾಕಿನಿಂದ. ಜಿಮಿ ಹೆಂಡ್ರಿಕ್ಸ್ ಅಂತೂ ಅದನ್ನೇ ವಾದ್ಯ ಮಾಡಿಕೊಂಡ. ಇದನ್ನೆಲ್ಲ ತಾತನ ಮುಂದೆ ಹೇಳಲು ಹೋಗಬೇಡ ಅಂತ ತಮ್ಮನಿಗೆ ಮೊದಲೇ ಎಚ್ಚರಿಸಿದೆ.

ಫೋನಿನಲ್ಲೇ ಒಂದು ಪರೀಕ್ಷೆ ಮಾಡಿಸಿದೆ. "ಸೀಟಿ ಹೊಡಿವಾಗ ಆರೂ ತಂತಿ ಮ್ಯಾಲೆ ಅಂಗೈ ಇಡು. ನಿಂತ್ರ ಒಂದು ರೋಗ, ನಿಲ್ಲದಿದ್ರ ಇನ್ನೊಂದು." ಅಂಗೈ ಇಟ್ಟಾಗ ನಿಂತರೆ ಅಲುಗುತ್ತಿರುವುದು ತಂತಿ. ನಿಲ್ಲದೇ ಸಣ್ಣ ದನಿಯಲ್ಲಿ ಚೀರುತ್ತಲೇ ಇದ್ದರೆ ಪಿಕಪ್ಪಿನ ಒಳಗಿನ ಸುರುಳಿಯ ತಂತಿಯೇ ಸಡಿಲಾಗಿ ಮೈಕಿನ ಹಾಗೆ ಕೆಲಸ ಮಾಡುತ್ತಿದೆ ಅಂತ. ಗಿಟಾರಿನ ವಾಲ್ಯೂಮ್ ಪೂರ್ತಿ ಸೊನ್ನೆಗೆ ತಂದರೂ ಸದ್ದು ಇದ್ದರೆ ತಪ್ಪು ಗಿಟಾರಿನದಲ್ಲ, ಕೇಬಲ್ಲೋ ಆಂಪೋ ನೋಡಬೇಕು.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. "ಗೇನ್ ಪೂರಾ ಇಟ್ರ ಅಂಗೈ ಇಟ್ರೂ ನಿಲ್ಲವಲ್ದು. ಅರ್ಧಕ್ಕ ಇಳಿಸಿದ್ರ ನಿಲ್ತದ." ಅಂದರೆ ಎರಡೂ ರೋಗ. ಗೇನ್ ಅನ್ನುವುದು ಬರೀ ಸದ್ದು ಏರಿಸುವ ಗುಂಡಿಯಲ್ಲ. ತೀರಾ ಸಣ್ಣ ಅಲುಗಾಟವನ್ನೂ ಎಳೆದು ದೊಡ್ಡದರ ಸಮಕ್ಕೆ ತರುತ್ತೆ, ಸುತ್ತು ಶುರುವಾಗಲು ಅಷ್ಟು ಸಾಕು. ತತ್ವಪದಕ್ಕೆ ಅಷ್ಟು ಗೇನ್ ಯಾಕೋ ಅಂದೆ. "ಸೌಂಡ್ ಭಾರಿ ಬರ್ತದಣ್ಣ" ಅಂದ. ಇಳಿಸಿದ, ಮನಸ್ಸಿಲ್ಲದ ಮನಸ್ಸಿನಿಂದ.

ಉಳಿದದ್ದು ಫೋನಿನಲ್ಲಿ ಬಗೆಹರಿಯುವಂಥದ್ದಲ್ಲ. ಶುಕ್ರವಾರ ರಾತ್ರಿ ರೈಲು ಹತ್ತಿದೆ. ರಾಯಚೂರಿನಲ್ಲಿ ಇಳಿದು, ಸಿರವಾರ ದಾಟಿ ಊರು ಮುಟ್ಟುವಾಗ ಬಿಸಿಲು ಏರಿತ್ತು.

ಗುಡಿಯ ಒಳಗೆ ಕಾಲಿಟ್ಟ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಮೂರು ಕಡೆ ಕಲ್ಲಿನ ಗೋಡೆ, ಕೆಳಗೆ ಕಡಪಾ ಬಂಡೆ. ಚಪ್ಪಾಳೆ ಹೊಡೆದರೆ ಎರಡು ಸಲ ಕೇಳಿಸುತ್ತೆ. ಗಿಟಾರಿನ ಆಂಪು ಅವನ ಬೆನ್ನಿಗೆ ಒಂದೇ ಅಡಿ ದೂರದಲ್ಲಿ. ಹಾಡುವವರಿಗೆ ಕೇಳಲಿ ಅಂತ ಒಂದು ಬಾಕ್ಸು ತಾತನ ಬಲಗಡೆ. ನಾಲ್ಕು ಮೈಕು, ನಾಲ್ಕೂ ತೆರೆದೇ ಇವೆ. ಸಾಲದ್ದಕ್ಕೆ ಹೊರಗಿನ ಸ್ಪೀಕರಿನಲ್ಲೂ ಗಿಟಾರು ಬರಲಿ ಅಂತ ಆಂಪಿನಿಂದ ಗುಡಿಯ ಮಿಕ್ಸರಿಗೆ ಒಂದು ಕೇಬಲ್ಲು ಎಳೆದಿದ್ದಾನೆ. ಒಂದು ಸುತ್ತಲ್ಲ, ಐದಾರು ಸುತ್ತು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೋಡಿನಲ್ಲಿ ಬಗ್ ಹುಡುಕುವ ನಿಯಮ ಇಲ್ಲೂ ಅದೇ. ಮೊದಲು ಆಂಪನ್ನು ನಾಲ್ಕು ಅಡಿ ದೂರ ಒಯ್ದು, ಅವನ ಪಕ್ಕಕ್ಕೆ ಓರೆಯಾಗಿಟ್ಟೆವು. ದೂರ ಎರಡು ಪಟ್ಟಾದರೆ ನೇರ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತೆ, ನಾಲ್ಕು ಪಟ್ಟಾದರೆ 12. ಇದು ಬಯಲಿನ ಲೆಕ್ಕ. ಕಲ್ಲಿನ ಗುಡಿಯಲ್ಲಿ ಗೋಡೆಗೆ ಬಡಿದು ವಾಪಸ್ ಬರುವುದೂ ಇರುವುದರಿಂದ ಅಷ್ಟು ಲಾಭವಿಲ್ಲ. ಹಿಂದಿನ ಗೋಡೆಗೆ ದಪ್ಪನೆಯ ಜಮಖಾನ ಇಳಿಬಿಟ್ಟದ್ದು ಸ್ವಲ್ಪ ಸಹಾಯವಾಯ್ತು.

ಆಮೇಲೆ ಮೈಕು. ತೆರೆದ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಸೀಟಿ ಹೊಡೆಯದೇ ಏರಿಸಬಹುದಾದ ಸದ್ದು 3 ಡೆಸಿಬೆಲ್ ಕಮ್ಮಿಯಾಗುತ್ತೆ. ನಾಲ್ಕರಲ್ಲಿ ಎರಡು ಮುಚ್ಚಿಸಿದೆ. ದಮ್ಮಡಿಗೆ ಮೈಕು ಯಾಕೆ ಬೇಕು? ಅದು ಮೂರು ಓಣಿಗೆ ಕೇಳಿಸುತ್ತೆ. ಹಾಡುವವರ ಮೈಕಿಗೆ ಬೆನ್ನ ಕಡೆ ಕಿವಿ ಮಂದ, ಆದ್ದರಿಂದ ಬಾಕ್ಸು ಪಕ್ಕದಲ್ಲಿ ಇರಬಾರದು, ಮೈಕಿನ ಬೆನ್ನಿಗೆ ಎದುರಾಗಿರಬೇಕು. ಅದನ್ನೂ ಸರಿಸಿದೆವು. ಆದರೂ ತಾತ ಹಾಡಿದಾಗ ಮತ್ತೆ ಸೀಟಿ. ನೋಡಿದರೆ ಅವರು ಮೈಕಿನ ಜಾಲರಿಯ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದಿದ್ದಾರೆ. ಹಾಗೆ ಹಿಡಿದರೆ ಹಿಂದಿನ ಸದ್ದನ್ನು ತಡೆಯಲೆಂದು ಮಾಡಿರುವ ಕಿಂಡಿಗಳು ಮುಚ್ಚಿಹೋಗಿ ಮೈಕು ಎಲ್ಲ ದಿಕ್ಕಿಗೂ ಕಿವಿ ತೆರೆಯುತ್ತೆ.

"ತಾತ, ಹಿಡಿಕಿ ಕೆಳಗ ಹಿಡಿರಿ."

"ನಾವು ಮೈಕ್ ಇಲ್ದ ಹಾಡಿದವ್ರೋ ತಮ್ಮ. ಹೆಂಗ ಹಿಡಿಬೇಕಂತ ನಮಗ ಯಾರು ಹೇಳ್ಯಾರ?"

ಸರಿಯಾದ ಮಾತೇ. ಸಭೆಯ ಕೊನೆಯ ಸಾಲಿಗೂ ದನಿ ಮುಟ್ಟಲಿ ಅಂತ ಮೈಸೂರು ಟಿ. ಚೌಡಯ್ಯನವರು 1920ರ ದಶಕದಲ್ಲಿ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಹಾಕಿಸಿಕೊಂಡಿದ್ದರು. ಅವರಿಗೆ ಫೀಡ್‌ಬ್ಯಾಕಿನ ಕಾಟವಿರಲಿಲ್ಲ.

ಸೀಟಿ ನಿಂತಿತು. ಉಳಿದದ್ದು ಗುಂಯ್ ಅನ್ನುವ ಹಮ್ಮು. ಇದು ಫೀಡ್‌ಬ್ಯಾಕ್ ಅಲ್ಲ, ಬಹಳ ಮಂದಿ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಇದು ಕರೆಂಟಿನ ದನಿ, ನಮ್ಮಲ್ಲಿ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು. ಯೂಟ್ಯೂಬಿನಲ್ಲಿ ಅಮೆರಿಕದವರು 60 ಅನ್ನುತ್ತಾರೆ, ಅದು ಅವರ ಕರೆಂಟು. ಒಂದೇ ಸುರುಳಿಯ ಪಿಕಪ್ಪು ಟ್ಯೂಬ್‌ಲೈಟಿನ ಚೋಕು, ಫ್ಯಾನ್ ರೆಗ್ಯುಲೇಟರು ಎಲ್ಲದರ ಗದ್ದಲವನ್ನೂ ಹಿಡಿಯುತ್ತೆ. ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಎರಡು ಸುರುಳಿಯನ್ನು ಒಂದಕ್ಕೊಂದು ಉಲ್ಟಾ ಜೋಡಿಸಿದ್ದು ಈ ಹಮ್ಮನ್ನು ಕೊಲ್ಲಲೆಂದೇ. ನಮ್ಮ ಹುಡುಗನದು ಒಂಟಿ ಸುರುಳಿ. ನಿಂತಲ್ಲೇ ಸ್ವಲ್ಪ ತಿರುಗು ಅಂದೆ, ಒಂದು ದಿಕ್ಕಿಗೆ ಹಮ್ಮು ಕಮ್ಮಿಯಾಯ್ತು.

"ಇದು ಏನೂ ಅಲ್ಲಣ್ಣ" ಅಂದ ಹೆಮ್ಮೆಯಿಂದ. "ಮೊದ್ಲ ವಾರ ಇದರ ಹತ್ತು ಪಟ್ಟು ಇತ್ತು. ವಿಡಿಯೋ ನೋಡಿ ನಾನೇ ಸರಿ ಮಾಡೀನಿ."

ಏನು ಮಾಡಿದೆ ಅಂತ ಕೇಳಿದೆ. ಆಂಪಿನ ಪ್ಲಗ್ಗು ತೋರಿಸಿದ. ಮೂರು ಪಿನ್ನಿನಲ್ಲಿ ಮೇಲಿನ ದಪ್ಪ ಪಿನ್ನು, ಅರ್ತಿನದು, ಇಕ್ಕಳದಿಂದ ಮುರಿದು ತೆಗೆದಿದ್ದ.

ನಾನು ಏನಾದರೂ ಹೇಳುವ ಮೊದಲೇ ತಾತ ಹಿಂದಿನಿಂದ, ನಗುತ್ತಾ ಅಂದರು: "ಈ ಮೈಕ್ ತುಟಿಗಿ ತಾಕಿದ್ರ ಜುಮ್ ಅಂತದ ತಮ್ಮ. ಮೂರು ವರ್ಷ ಆತು. ಇವ ಗಿಟಾರ್ ತಂದ ಮೊದ್ಲ ದಿನ ಒಂದು ಜುಮ್ ಅನ್ನದು ನಿಂತಿತ್ತು ನೋಡು. ಈಗ ಮತ್ತ ಶುರು ಆಗ್ಯದ."

ಸುತ್ತ ಕೂತವರು ನಕ್ಕರು. ಪದದ ಶಕ್ತಿ ಅಂದರು ಒಬ್ಬರು. ನನ್ನ ಕೈ ತಣ್ಣಗಾಯ್ತು. ತಾತ ಹೇಳಿದ್ದರಲ್ಲಿ ಪೂರ್ತಿ ಬಗ್ ರಿಪೋರ್ಟ್ ಇತ್ತು.

ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆವು. ಅವರು ಮೀಟರಿನ ಒಂದು ಕಡ್ಡಿ ಮೈಕಿನ ಮೈಗೆ, ಇನ್ನೊಂದು ಗೋಡೆಯ ಸಾಕೆಟ್ಟಿನ ಅರ್ತಿಗೆ ಹಿಡಿದರು. 94 ವೋಲ್ಟ್. ಮಿಕ್ಸರಿಗೆ ಕರೆಂಟು ಬರುತ್ತಿದ್ದ ಎಕ್ಸ್‌ಟೆನ್ಷನ್ ಬಾಕ್ಸು ಬಿಚ್ಚಿದರೆ, ಮೂರು ತೂತಿದ್ದರೂ ಒಳಗೆ ಎರಡೇ ವಾಯರು. ಮೂರನೇ ತೂತಿಗೆ ಏನೂ ಇಲ್ಲ. ಮಿಕ್ಸರಿನ ತಗಡಿನ ಪೆಟ್ಟಿಗೆಗೆ ಮೂರು ವರ್ಷದಿಂದ ಅರ್ತೇ ಇಲ್ಲ. ಒಳಗೆ ಸೋರುವ ಸಣ್ಣ ಕರೆಂಟು ಮೈಕಿನ ಕೇಬಲ್ಲು ಹಿಡಿದು ಬಂದು, ಬರಿಗಾಲಲ್ಲಿ ಕಲ್ಲಿನ ಮೇಲೆ ಕೂತ ತಾತನ ಮೈಯಲ್ಲಿ ಇಳಿಯುತ್ತಿತ್ತು. ತಮ್ಮನ ಆಂಪು ಮಾತ್ರ ಗೋಡೆಯ ಸಾಕೆಟ್ಟಿನಲ್ಲಿತ್ತು, ಅಲ್ಲಿ ಅರ್ತ್ ಸರಿಯಿತ್ತು. ಅವನು ಆಂಪಿನಿಂದ ಮಿಕ್ಸರಿಗೆ ಕೇಬಲ್ಲು ಎಳೆದ ದಿನ, ಆ ಸೋರಿಕೆಯೆಲ್ಲ ಕೇಬಲ್ಲಿನ ಹೊದಿಕೆಯ ಮೂಲಕ ಆಂಪಿಗೆ ಬಂದು ನೆಲಕ್ಕೆ ಹೋಯ್ತು. ತಾತನಿಗೆ ಜುಮ್ ನಿಂತಿತು, ಗಿಟಾರಿಗೆ ಹಮ್ಮು ಬಂತು. ಪಿನ್ನು ಮುರಿದ ದಿನ ಹಮ್ಮು ಹೋಯ್ತು, ಜುಮ್ ವಾಪಸ್ ಬಂತು. ಈ ಸಲ ತಾತನಿಗಷ್ಟೇ ಅಲ್ಲ. ಗಿಟಾರಿನ ತಂತಿಗಳು ಆಂಪಿನ ಮೈಗೇ ಜೋಡಣೆಯಾಗಿರುತ್ತವೆ, ಅಂದರೆ ಇವನ ಬೆರಳಿಗೂ ಅದೇ ಕರೆಂಟು.

94 ವೋಲ್ಟ್ ಅಂದರೆ ಕೂಡಲೇ ಸಾವು ಅಂತಲ್ಲ. ಡಿಜಿಟಲ್ ಮೀಟರು ಸಣ್ಣ ಸೋರಿಕೆಗೂ ದೊಡ್ಡ ಅಂಕಿ ತೋರಿಸುತ್ತೆ. ಆ ಕರೆಂಟು ಒಂದು ಮಿಲಿಆಂಪಿಗೂ ಕಮ್ಮಿ ಇದ್ದಿರಬಹುದು. ಆದರೆ ಅರ್ತಿಲ್ಲದ ಪೆಟ್ಟಿಗೆಯಲ್ಲಿ ಯಾವತ್ತೋ ಒಂದು ದಿನ ಇನ್ಸುಲೇಷನ್ ಹೋದರೆ ಅದೇ ದಾರಿಯಲ್ಲಿ ಪೂರ್ತಿ 230 ವೋಲ್ಟ್ ಬರುತ್ತೆ, ಫ್ಯೂಸೂ ಹೋಗುವುದಿಲ್ಲ. ಸ್ಟೋನ್ ದ ಕ್ರೋಸ್ ಅನ್ನುವ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆಯೇ ಸತ್ತದ್ದು ಅರ್ತ್ ಸರಿಯಿಲ್ಲದ ಮೈಕು ಮುಟ್ಟಿ. ತಮ್ಮನಿಗೆ ಇದನ್ನು ಹೇಳಿದೆ. ಅವನು ಗಿಟಾರನ್ನು ಹೆಗಲಿನಿಂದ ಇಳಿಸಿ ಜಮಖಾನದ ಮೇಲಿಟ್ಟ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ತಾತಗ ಹೇಳಬೇಕೇನಣ್ಣ?"

ಎಲೆಕ್ಟ್ರಿಷಿಯನ್ ಅಣ್ಣ ಮೂರೆಳೆಯ ವಾಯರು ಹಾಕಿ ಬಾಕ್ಸು ಹೊಸದಾಗಿ ಕಟ್ಟಿದರು, ಪ್ಲಗ್ಗು ಬದಲಿಸಿದರು. ಮಿಕ್ಸರೂ ಆಂಪೂ ಈಗ ಒಂದೇ ಬಾಕ್ಸಿನಲ್ಲಿ, ಎರಡಕ್ಕೂ ಒಂದೇ ಅರ್ತು. ಹಮ್ಮು ಪಿನ್ನು ಮುರಿದಾಗಿನಕ್ಕಿಂತಲೂ ಕಮ್ಮಿಯಾಯ್ತು. ಗುಡಿಯ ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಲು ಕಮಿಟಿಯವರು ಒಪ್ಪಿದರು. ಅಷ್ಟು ಕರೆಂಟು ಬೇರೆ ದಾರಿ ಹಿಡಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತೆ. ಹೊರಡುವಾಗ ಆ ಅಣ್ಣ ಗುಡಿಯ ಹಿಂದಿನ ಅರ್ತಿಂಗ್ ಗುಂಡಿ ತೋರಿಸಿ, ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಿ ಅಂದರು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಬಾಯಿಬಿಟ್ಟು ಒಣಗಿದಾಗ ಅರ್ತು ಹೆಸರಿಗೆ ಮಾತ್ರ ಇರುತ್ತೆ.

ನಿಮ್ಮ ಬ್ಯಾಂಡಿನಲ್ಲಿ, ಆಫೀಸಿನ ರಾಜ್ಯೋತ್ಸವದ ವೇದಿಕೆಯಲ್ಲಿ ಯಾರಿಗಾದರೂ ಮೈಕು ಜುಮ್ ಅಂದರೆ ನಗಬೇಡಿ, ಮೇನ್ ಆಫ್ ಮಾಡಿಸಿ. ಮೀಟರು ಹಿಡಿದು ಬರದವರು ಹಿಡಿಯಲು ಹೋಗಬೇಡಿ.

ಮೂರನೇ ಸೋಮವಾರಕ್ಕೆ ನಾನು ಇರಲಿಲ್ಲ, ಭಾನುವಾರವೇ ರೈಲು ಹತ್ತಬೇಕಿತ್ತು. ಮತ್ತೆ ಒಂದು ವಿಡಿಯೋ ಬಂತು, ಈ ಸಲ ಆರು ನಿಮಿಷದ್ದು. ಗಿಟಾರು ತಾತನ ದನಿಯ ಹಿಂದೆ ಹಿಂದೆ ನಡೆಯುತ್ತೆ, ಎರಡು ಕಡೆ ತಾಳ ತಪ್ಪುತ್ತೆ. ತಾತ ಮೈಕಿನ ಹಿಡಿಕೆಯನ್ನು ಸರಿಯಾಗಿ ಕೆಳಗೇ ಹಿಡಿದಿದ್ದಾರೆ.

ಪಿಕಪ್ಪಿನ ರೋಗ ಹಾಗೇ ಉಳಿದಿದೆ. ಅದಕ್ಕೆ ಮದ್ದು ಮೇಣ: ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದಿದರೆ ಸಡಿಲಾದ ಎಳೆಗಳು ಕೂತುಕೊಳ್ಳುತ್ತವೆ. ಬಿಸಿ 65 ಡಿಗ್ರಿ ಸುತ್ತಮುತ್ತ ಇರಬೇಕು, ಮೀರಿದರೆ ಪಿಕಪ್ಪಿನ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತೆ. ಮೇಣದ ಪಾತ್ರೆಯನ್ನು ನೇರ ಉರಿಗೆ ಇಡುವ ಹಾಗಿಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ಥರ್ಮಾಮೀಟರ್ ಕಳಿಸುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಅಂದಿದ್ದೆ. ನಿನ್ನೆ ಚಿಗವ್ವ ಫೋನ್ ಮಾಡಿದ್ದಳು. ಹಾಲು ಕಾಸುವ ಬೋಗುಣಿಗೆ ಮೇಣದಬತ್ತಿ ಅಂಟಿಸಿದವರು ಯಾರು ಅಂತ ನನ್ನನ್ನು ಕೇಳುತ್ತಿದ್ದಾಳೆ.