ಬಿಟ್ಟುಹೋದ ಬಯಾಲಜಿ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಈಚೆಗೆ ಹೆಚ್ಚಾಗಿದೆ. "ಮೇಡಮ್ಮೋರೆ, ನಮ್ಮ ಹುಡುಗ ಕಂಪ್ಯೂಟರ್ ಸೈನ್ಸ್ ತಗೊಂಡು ಪಾಸಾಗ್ಯಾನ. ಈಗ ಡಾಕ್ಟರ್ ಆಗ್ತೀನಿ ಅಂತಾನ. ಏನ್ ಮಾಡಬೇಕ್ರೀ?" ರಾಯಚೂರಿನಲ್ಲಿ ಬಯಾಲಜಿ ಕಲಿಸಿ ನಿವೃತ್ತಳಾದವಳನ್ನು ಜನ ಇನ್ನೇನು ಕೇಳಿಯಾರು!

ಮಕ್ಕಳ ತಪ್ಪೇನೂ ಇಲ್ಲ. ಹತ್ತನೇ ತರಗತಿ ಮುಗಿಸಿದ ಮಗು ಹದಿನಾರರ ವಯಸ್ಸಿನಲ್ಲಿ, ನಮ್ಮೂರ ಮೇ ತಿಂಗಳ ಬಿಸಿಲಲ್ಲಿ, ಕಾಲೇಜಿನ ಅರ್ಜಿಯ ಸಾಲಿನಲ್ಲಿ ನಿಂತು ಪಿಸಿಎಂಬಿ ಬೇಕೋ ಪಿಸಿಎಂಸಿ ಬೇಕೋ ಎಂದು ನಿರ್ಧರಿಸಬೇಕು. ಮುಂದೆ ನಿಂತ ಗೆಳೆಯ ಏನು ಬರೆದನೋ ಇವನೂ ಅದನ್ನೇ ಬರೆದು ಬರುತ್ತಾನೆ. ಇಡೀ ಆಯುಷ್ಯವನ್ನು ಅದಕ್ಕೆ ಕಟ್ಟಿಹಾಕುವುದು ನನಗೆ ಎಂದೂ ಸರಿ ಕಂಡಿಲ್ಲ.

ಮೊದಲು ಈ ಪ್ರಶ್ನೆಗೆ ಒಂದೇ ಉತ್ತರವಿತ್ತು: ಮತ್ತೆ ಮೊದಲ ಪಿಯುಸಿಗೆ ಹೋಗಿ ಕೂರು. ವೈದ್ಯಕೀಯಕ್ಕೆ ಹೋಗಬೇಕಾದವರು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗಳನ್ನು ಎರಡು ವರ್ಷ ಕಾಲೇಜಿಗೆ ಹೋಗಿಯೇ ಓದಿರಬೇಕು, ಮುಕ್ತ ಶಾಲೆಯಲ್ಲಿ ಓದಿದವರು, ಖಾಸಗಿಯಾಗಿ ಪರೀಕ್ಷೆ ಕಟ್ಟಿದವರು ಬೇಡ ಎಂಬ ನಿಯಮವಿತ್ತು. ಮುಕ್ತ ಶಾಲೆಯವರನ್ನು ಹೊರಗಿಡುವುದು ಸರಿಯಲ್ಲ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಪ್ರಕಟಣೆ ಹೊರಡಿಸಿತು. 12ನೇ ತರಗತಿ ಪಾಸಾದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಪಡೆದ ಮಂಡಳಿಯಿಂದ ಪಾಸು ಮಾಡಿಕೊಂಡರೂ ನೀಟ್ ಬರೆಯಬಹುದು. ಮುಕ್ತ ಶಾಲೆಯವರ ವಿಚಾರದಲ್ಲಿ ಉಳಿದಿದ್ದ ವ್ಯಾಜ್ಯವೂ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು.

ಅಮೆರಿಕದಲ್ಲಿ ಇದು ಹಳೆಯ ಸಂಗತಿ. ಅಲ್ಲಿ ಡಿಗ್ರಿ ಮುಗಿದ ಮೇಲೆ ಮೆಡಿಕಲ್. ಬೇಕಾದ ಕೆಮಿಸ್ಟ್ರಿಯೋ ಫಿಸಿಕ್ಸೋ ತಮ್ಮ ಕಾಲೇಜಿನಲ್ಲಿ ತಪ್ಪಿಹೋಗಿದ್ದರೆ, ಬೇಸಿಗೆ ರಜೆಯಲ್ಲಿ ಮನೆಯ ಹತ್ತಿರದ ಇನ್ನೊಂದು ಕಾಲೇಜಿಗೆ ಹೋಗಿ ಅದೊಂದನ್ನು ಮಾತ್ರ ಓದಿ ಬರುತ್ತಾರೆ. ನಮ್ಮಲ್ಲಿ ಈಗ ಅಂಥದೊಂದು ಕಿಂಡಿ ತೆರೆದಿದೆ. ಅದರ ಹೆಸರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಒಎಸ್. 1989ರಲ್ಲಿ ಶುರುವಾದದ್ದು, ಕೇಂದ್ರ ಸರ್ಕಾರದ್ದು. ಇಡೀ ಕೋರ್ಸ್ ಬೇಡ, ಒಂದೆರಡು ವಿಷಯ ಸಾಕು ಎನ್ನುವವರಿಗೂ ಅಲ್ಲಿ ಪ್ರವೇಶವಿದೆ. ಏಪ್ರಿಲ್–ಮೇ ಒಮ್ಮೆ, ಅಕ್ಟೋಬರ್–ನವೆಂಬರ್ ಇನ್ನೊಮ್ಮೆ ಪರೀಕ್ಷೆ.

ಮಾನ್ವಿ ಕಡೆಯ ಒಬ್ಬ ಹುಡುಗಿಯನ್ನು ಈ ದಾರಿಯಲ್ಲಿ ಕಳಿಸಿದ್ದೇನೆ. ಅಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತ. ನೀರು ಬಂದ ವರ್ಷ ಭತ್ತ, ಬಾರದ ವರ್ಷ ಆಕಾಶ ನೋಡುವುದು. ಹುಡುಗಿ ಪಿಸಿಎಂಸಿಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಿದ್ದಳು. "ಮತ್ತ ಎರಡು ವರ್ಷ ಹಿಂದ ಕಳಸಂಗಿಲ್ರಿ ಮೇಡಮ್ಮೋರೆ" ಎಂದರು ಅಪ್ಪ. "ಲಗ್ನ ಮಾಡ್ರಿ ಅಂತ ಊರಾಗಿನ ಮಂದಿ ಬೆನ್ನ ಹತ್ಯಾರ." ಅದು ಬೆದರಿಕೆಯಲ್ಲ, ಅವರ ಲೆಕ್ಕ. ಎರಡು ವರ್ಷ ಅವರಿಗೆ ದುಬಾರಿ, ಒಂದು ವರ್ಷ ಹೇಗೋ ತಡೆದುಕೊಂಡಾರು. ಆ ಒಂದು ವರ್ಷವನ್ನೇ ನಾನು ಕೇಳಿದೆ.

ಜೂನ್‌ನಲ್ಲಿ ಬಯಾಲಜಿ ಒಂದಕ್ಕೇ ಸೇರಿದಳು. ಪುಸ್ತಕ ಓದುವುದೇನೋ ಮನೆಯಲ್ಲೇ ಆಗುತ್ತದೆ. ಪ್ರಾಕ್ಟಿಕಲ್? ಅಧ್ಯಯನ ಕೇಂದ್ರ ಸಿಕ್ಕಿದ್ದು ಪಕ್ಕದ ಜಿಲ್ಲೆಯ ಒಂದು ಕಾಲೇಜಿನಲ್ಲಿ. ಬೇಸಿಗೆ ಶುರುವಾಗುವ ಹೊತ್ತಿಗೆ ಅಲ್ಲಿ ಸಂಬಂಧಿಕರ ಮನೆಯಲ್ಲಿ ಉಳಿದು, ಗುರುತಿಲ್ಲದ ಲ್ಯಾಬಿನಲ್ಲಿ ತನಗಿಂತ ಚಿಕ್ಕವರ ಜೊತೆ ನಿಲ್ಲಬೇಕಿತ್ತು. ಹೋಗುವ ಮೊದಲು ವಾರಕ್ಕೊಮ್ಮೆ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದಳು. ನನ್ನ ಹಳೆಯ ಮೈಕ್ರೋಸ್ಕೋಪಿಗೆ ಕಪಾಟಿನಿಂದ ಬಿಡುಗಡೆಯಾಯಿತು.

ಮಕ್ಕಳೇ, ಇದೊಂದನ್ನು ನೀವೂ ಮಾಡಿ ನೋಡಬಹುದು. ನೀರು ತುಂಬಿದ ಗಾಜಿನ ಲೋಟದ ಬಾಯಿಗೆ ಉಳ್ಳಾಗಡ್ಡಿ ಕೂರಿಸಿ, ಬುಡ ಮಾತ್ರ ನೀರಿಗೆ ತಾಗಲಿ. ನಮ್ಮೂರ ಸೆಕೆಗೆ ನೀರು ಬೇಗ ನಾರುತ್ತದೆ, ಬೆಳಗ್ಗೆ ಸಂಜೆ ಬದಲಿಸಿ. ಮೂರ್ನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಮುಂದಿನದಕ್ಕೆ ಲ್ಯಾಬ್ ಬೇಕು, ಪಕ್ಕದಲ್ಲಿ ಮೇಷ್ಟ್ರು ಬೇಕು. ಬೆಳಗಿನ ಹೊತ್ತು ಬೇರಿನ ತುದಿ ಕತ್ತರಿಸಿ, ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ತೆಳು ಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಒತ್ತಡ ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಗುಂಪು, ಹೆಚ್ಚಾದರೆ ಗಾಜೇ ಚೂರು. ಹದ ಸಿಕ್ಕರೆ, ಒಂದು ಕೋಶ ಎರಡಾಗುವಾಗ ಅದರೊಳಗಿನ ವರ್ಣತಂತುಗಳು ದಾರದ ತುಂಡುಗಳಂತೆ ಎರಡೂ ತುದಿಗೆ ಸರಿಯುವುದು ಕಾಣುತ್ತದೆ. ಉಳ್ಳಾಗಡ್ಡಿಯಲ್ಲಿ ಅವು 16, ನಮ್ಮಲ್ಲಿ 46.

ಅವಳ ನಾಲ್ಕು ಗಾಜು ಒಡೆದವು. ಐದನೆಯದರಲ್ಲಿ ಕಂಡಿತು. ಕಣ್ಣು ತೆಗೆಯದೆಯೇ, "ಇದು ಪುಸ್ತಕದಾಗಿನ ಚಿತ್ರದಂಗ ಇಲ್ರಿ ಮೇಡಂ, ಜೀವ ಐತಿ" ಅಂದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ನಾಡಿಗೆಲ್ಲ ವಿದ್ಯುತ್ ಕೊಡುವ ಶಕ್ತಿನಗರ ಪಕ್ಕದಲ್ಲೇ ಇರುವ ಊರು ನಮ್ಮದು! ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿಕೊಂಡು ಮತ್ತೆ ನೋಡಿದಳು.

ಈ ಲ್ಯಾಬಿನ ಕೆಲಸವನ್ನೇ ತಪ್ಪಿಸುತ್ತೇವೆ ಎನ್ನುವ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. "ಒಂದು ತಿಂಗಳು, ಮಾರ್ಕ್ಸ್ ಕಾರ್ಡ್ ಕೈಗೆ" ಎನ್ನುತ್ತಾರಂತೆ. ಪಾಲಕರೇ, ಅಂಥವರಿಗೆ ಬಾಗಿಲು ತೆಗೆಯಬೇಡಿ. ಮಂಡಳಿ ಮಾನ್ಯತೆ ಪಡೆದದ್ದೇ, ಅಂಕಪಟ್ಟಿಯಲ್ಲಿ ಪ್ರಾಕ್ಟಿಕಲ್ ಅಂಕ ಇದೆಯೇ ನೋಡಿ. ಆ ವರ್ಷದ ನೀಟ್ ಮಾಹಿತಿ ಪುಸ್ತಿಕೆ, ಕೆಇಎ ಪುಸ್ತಿಕೆ ಎರಡನ್ನೂ ಹಣ ಕಟ್ಟುವ ಮೊದಲೇ ಓದಿಸಿ ಕೇಳಿ.

ಇನ್ನು ಒಂದೇ ಬೇಸಿಗೆಯಲ್ಲಿ ಎಲ್ಲ ಆದೀತು ಎಂದು ಯಾರೂ ತಿಳಿಯಬಾರದು. ನೀಟ್‌ನ 720 ಅಂಕಗಳಲ್ಲಿ 360 ಬಯಾಲಜಿಯದೇ. ಬೇರೆಯವರು ಎರಡು ವರ್ಷ ಓದಿದ್ದನ್ನು ಇವರು ಒಂದು ವರ್ಷದಲ್ಲಿ ಓದಬೇಕು, ಅದರ ನಡುವೆ ಫಿಸಿಕ್ಸ್, ಕೆಮಿಸ್ಟ್ರಿ ಮರೆಯಬಾರದು. ಏಪ್ರಿಲ್ ಪರೀಕ್ಷೆ ಮುಗಿಯುವ ಹೊತ್ತಿಗೆ ನೀಟ್ ಬಾಗಿಲಲ್ಲೇ ನಿಂತಿರುತ್ತದೆ. ಗಣಿತ ಓದಿ ಬಂದ ಮಕ್ಕಳಿಗೆ ಫಿಸಿಕ್ಸ್ ಹಗುರ ಎಂಬುದೊಂದೇ ಸಮಾಧಾನ.

ನಮ್ಮ ಭಾಗದವರಿಗೆ ಇನ್ನೊಂದು ಆಸರೆಯಿದೆ. 371ಜೆ ಕಲಂನಿಂದಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ಶೇ 70 ಇಲ್ಲಿನವರಿಗೆ, ಉಳಿದ ಕಡೆ ಶೇ 8. ರಾಯಚೂರಿನಲ್ಲೇ 2007ರಿಂದ ರಿಮ್ಸ್ ಇದೆ. ದೇವದುರ್ಗದ ಮಗು ಇಲ್ಲಿಯೇ ಓದಿ ಇಲ್ಲಿಯೇ ಡಾಕ್ಟರಾಗುವುದು ಈಗ ಕನಸಿನ ಮಾತಲ್ಲ. ಆದರೆ ಆ ಪ್ರಮಾಣಪತ್ರಕ್ಕೆ ಕೌನ್ಸೆಲಿಂಗಿನ ವಾರದಲ್ಲಿ ಓಡಾಡುವವರೇ ಹೆಚ್ಚು. ಮಗು ಪಿಯುಸಿಯಲ್ಲಿದ್ದಾಗಲೇ ಮಾಡಿಸಿಟ್ಟುಕೊಳ್ಳಿ.

ನನ್ನ ಹುಡುಗಿ ಬಯಾಲಜಿ ಪಾಸಾದಳು. ನೀಟ್‌ನಲ್ಲಿ ಮೊದಲ ಸಲ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಅಪ್ಪ ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಬಿ.ಎಸ್ಸಿ. ನರ್ಸಿಂಗಿಗೂ ಬಯಾಲಜಿ ಬೇಕೇ ಬೇಕು, ಈ ಅಂಕಪಟ್ಟಿ ಅಲ್ಲಿಗೂ ನಡೆಯುತ್ತದೆ ಎಂದು ಹೇಳಿದಾಗ ಮಗಳ ಕಡೆ ತಿರುಗಿದರು. "ಇನ್ನೊಂದು ಸಲ ಬರಿ. ಆಗಲಿಲ್ಲಂದ್ರ ನರ್ಸಿಂಗ್" ಎಂದರು. ಲಗ್ನದ ಮಾತು ಎತ್ತಲಿಲ್ಲ. ಈಗ ಅವಳು ಎರಡನೇ ಸಲಕ್ಕೆ ಓದುತ್ತಿದ್ದಾಳೆ. ಮೈಕ್ರೋಸ್ಕೋಪನ್ನು ಮಾನ್ವಿಗೇ ಒಯ್ದಿದ್ದಾಳೆ.